ಕೋರ್ಟಿನ ಕಟ್ಟು ಬಿಚ್ಚಿಸುವುದು

(ತಾಲ್ಲೂಕು ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಶಿಬಿರಾರ್ಥಿಗಳ ಟಿಪ್ಪಣಿ ನೋಡಿಕೊಂಡು ಬರೆದುಕೊಟ್ಟದ್ದು.)



ಬೆಳಿಗ್ಗೆಯಿಂದ ದೊಡ್ಡ ದೊಡ್ಡ ವಿಷಯ ಕೇಳಿದ್ದೀರಿ. ನನಗೆ ಕೊಟ್ಟಿರುವುದು ಗುಮಾಸ್ತನ ವಿಷಯ. ನಮ್ಮ ಮೇಲೆ ದೌರ್ಜನ್ಯ ಆಯ್ತು, ಕೇಸಾಯ್ತು, ಪೇಪರಿನಲ್ಲೂ ಬಂತು. ಆಮೇಲೆ ಆ ಕೇಸು ಎಲ್ಲಿ ಹೋಯ್ತು? ಅದರ ಕಾಗದ ಯಾವ ಕೋಣೆಯಲ್ಲಿ, ಯಾವ ನಂಬರಿನಲ್ಲಿ, ಯಾರ ಬೀಗದ ಕೈಯಲ್ಲಿ ಇದೆ? ಇದನ್ನು ಹುಡುಕೋದು ಹೇಗೆ ಅನ್ನೋದಷ್ಟೇ ನನ್ನ ಮಾತು. ನಾನು ವಕೀಲ ಅಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಕೂತು ಕೂತು ಪಂಚೆ ಸವೆಸಿಕೊಂಡವನು, ಅಷ್ಟೆ.

ನಮ್ಮ ದೊಡ್ಡಮ್ಮನಿಂದ ಶುರು ಮಾಡ್ತೀನಿ. ಊರಿನ ಹೆಸರು, ಠಾಣೆಯ ಹೆಸರು ಹೇಳೋದಿಲ್ಲ. ವ್ಯವಹಾರ ಇನ್ನೂ ಕೋರ್ಟಿನಲ್ಲಿದೆ. 2009ರ ಬೇಸಿಗೆಯಲ್ಲಿ ಕೆರೆ ನೀರಿನ ವಿಚಾರಕ್ಕೆ ಅವರ ದೊಡ್ಡ ಮಗನನ್ನು ಹೊಡೆದು ಕೈ ಮುರಿದರು. ದೊಡ್ಡಮ್ಮನೇ ಠಾಣೆಗೆ ಹೋಗಿ ದೂರು ಕೊಟ್ಟರು. ಜಾತಿ ಹಿಡಿದು ಬೈದದ್ದನ್ನೂ ಬರೆಸಿದರು. ನಾವೆಲ್ಲ ಮೆರವಣಿಗೆ ಮಾಡಿದೆವು, ತಾಲ್ಲೂಕು ಕಚೇರಿ ಮುಂದೆ ಕೂತೆವು, ಘೋಷಣೆ ಕೂಗಿ ಗಂಟಲು ಹರಿದುಕೊಂಡೆವು. ದಫೇದಾರರು 'ಕೇಸ್ ಹಾಕಿದೀವಿ ಹೋಗ್ರಪ್ಪ' ಅಂದರು. ನಾವು ಗೆದ್ದೆವು ಅಂತ ಮನೆಗೆ ಬಂದೆವು. ಅದಾಗಿ ಹತ್ತು ವರ್ಷ ದೊಡ್ಡಮ್ಮ ನಾನು ಊರಿಗೆ ಹೋದಾಗಲೆಲ್ಲ ಒಂದೇ ಮಾತು ಕೇಳ್ತಿದ್ದರು: 'ನಮ್ಮ ಕೇಸು ಏನಾಯ್ತು ಮಗಾ?' ನಾನು 'ನಡೀತಾ ಇದೆ ದೊಡ್ಡವ್ವ, ಕೋರ್ಟು ಅಂದ್ರೆ ತಡ' ಅಂತಿದ್ದೆ. ನಡೀತಾ ಇದೆಯೋ ಇಲ್ಲವೋ ಒಂದು ಸಲವೂ ನೋಡಿರಲಿಲ್ಲ. ಇದು ನನ್ನ ತಪ್ಪು. ಈ ಕೋಣೆಯಲ್ಲಿರೋ ಬಹಳ ಜನರ ತಪ್ಪು ಕೂಡ ಅಂತ ನನ್ನ ಅನುಮಾನ. ನಮಗೆ ಮೆರವಣಿಗೆಯ ಫೋಟೋ ಜೋಪಾನ ಮಾಡೋದು ಗೊತ್ತು. ಎಫ್‌ಐಆರ್ ಪ್ರತಿ ಎಲ್ಲಿಟ್ಟಿದ್ದೀರಿ ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ತೀವಿ.

2019ರಲ್ಲಿ ಕೊನೆಗೂ ಹುಡುಕಲು ಹೊರಟೆ. ಕೈಯಲ್ಲಿ ಏನೂ ಇಲ್ಲ. ದೊಡ್ಡಮ್ಮನ ಟ್ರಂಕಿನಲ್ಲಿ ಆಸ್ಪತ್ರೆ ಚೀಟಿ ಒಂದಿತ್ತು. ಅದರ ಮೂಲೆಯಲ್ಲಿ ಡಾಕ್ಟರು ಠಾಣೆಯ ಹೆಸರು, ತಾರೀಖು ಗೀಚಿದ್ದರು. ಅದೇ ದಾರಿಯಾಯ್ತು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಬರೆದುಕೊಳ್ಳಿ. ಒಂದು ಕ್ರಿಮಿನಲ್ ಕೇಸಿಗೆ ಹುಟ್ಟಿನಿಂದ ಸಾವಿನವರೆಗೆ ಒಂದೇ ಹೆಸರು ಇರೋದಿಲ್ಲ. ಠಾಣೆಯಲ್ಲಿ ಹುಟ್ಟುವಾಗ ಅದಕ್ಕೆ ಅಪರಾಧ ಸಂಖ್ಯೆ, ನಾವು ಕ್ರೈಂ ನಂಬರು ಅಂತೀವಿ. ನಂಬರು, ಓರೆಗೆರೆ, ವರ್ಷ. ಎಫ್‌ಐಆರ್‌ನ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ತನಿಖೆ ಮುಗಿದು ದೋಷಾರೋಪಣ ಪಟ್ಟಿ ಬಂದು ಮ್ಯಾಜಿಸ್ಟ್ರೇಟರು ಅದನ್ನು ತೆಗೆದುಕೊಂಡರೆ ಹೊಸ ಹೆಸರು: ಸಿ.ಸಿ. ನಂಬರು. ಕೊಲೆಯಂಥ ದೊಡ್ಡ ಅಪರಾಧ ಆದರೆ ಮ್ಯಾಜಿಸ್ಟ್ರೇಟರು ತಾವು ವಿಚಾರಣೆ ಮಾಡೋಹಾಗಿಲ್ಲ, ಸೆಷನ್ಸ್ ಕೋರ್ಟಿಗೆ ಒಪ್ಪಿಸಬೇಕು. ಅಲ್ಲಿ ಮತ್ತೊಂದು ಹೆಸರು, ಎಸ್.ಸಿ. ನಂಬರು. ನಗಬೇಡಿ, ಅದು ನಮ್ಮ ಜಾತಿ ಪಟ್ಟಿಯ ಎಸ್.ಸಿ. ಅಲ್ಲ, ಸೆಷನ್ಸ್ ಕೇಸು. ಮೊದಲ ಸಲ ನಾನೂ ಹಾಗೇ ತಿಳಿದು 'ನಮ್ಮವರಿಗೆ ಬೇರೆ ಪುಸ್ತಕ ಇಟ್ಟಿದ್ದಾರಲ್ಲ' ಅಂತ ಸಿಟ್ಟಾಗಿದ್ದೆ. ದೌರ್ಜನ್ಯ ತಡೆ ಕಾಯಿದೆಯ ಕೇಸಾದರೆ ವಿಶೇಷ ನ್ಯಾಯಾಲಯ, ಅಲ್ಲಿ ಸ್ಪೆಷಲ್ ಕೇಸ್ ಅಂತ ನಂಬರು. ಈ ಕಾಯಿದೆಯ ತಿದ್ದುಪಡಿ 2016ರ ಜನವರಿ 26ರಂದು ಜಾರಿಗೆ ಬಂದ ಮೇಲೆ ವಿಶೇಷ ನ್ಯಾಯಾಲಯವೇ ನೇರವಾಗಿ ಕೇಸು ತೆಗೆದುಕೊಳ್ಳಬಹುದು. ಮೇಲ್ಮನವಿ ಹೋದರೆ ಹೈಕೋರ್ಟಿನಲ್ಲಿ ಇನ್ನೊಂದು ನಂಬರು.

ಹಾಗಾಗಿ ಯಾರಾದರೂ 'ಆ ನಂಬರಿನ ಕೇಸೇ ಇಲ್ಲ ಕಣಯ್ಯ' ಅಂದರೆ ಅದು ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ನೀವು ಠಾಣೆಯ ನಂಬರು ಹಿಡಿದು ಕೋರ್ಟಿನ ಪುಸ್ತಕದಲ್ಲಿ ಹುಡುಕಿಸ್ತಿದ್ದೀರಿ. ಕ್ರೈಂ ನಂಬರಿನಿಂದ ಸಿ.ಸಿ. ನಂಬರಿಗೆ ದಾಟಿಸುವ ಮನುಷ್ಯ ಒಬ್ಬನಿದ್ದಾನೆ. ಠಾಣೆಯಿಂದ ಕೋರ್ಟಿಗೆ ದಿನಾ ಕಾಗದ ಹೊತ್ತು ಓಡಾಡುವ ಕೋರ್ಟ್ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರಿಗೆ ಗೊತ್ತಿರದ್ದು ಅವನಿಗೆ ಬಾಯಿಪಾಠ. ಅವನ ಹತ್ತಿರ ಜಗಳ ಆಡಬೇಡಿ. ಅವನೂ ಎಷ್ಟೋ ಸಲ ನಮ್ಮ ಕೇರಿಯ ಹುಡುಗನೇ ಆಗಿರ್ತಾನೆ.

ಈಗ ಮೊಬೈಲು ಬಂದಿದೆ. ಇ-ಕೋರ್ಟ್ಸ್ ಅನ್ನೋ ಸರ್ಕಾರದ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರು, ವರ್ಷ ಕೊಟ್ಟರೆ ಕೇಸು ಯಾವ ಕೋರ್ಟಿನಲ್ಲಿ, ಮುಂದಿನ ತಾರೀಖು ಯಾವಾಗ ಅಂತ ತೋರಿಸುತ್ತೆ. ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ಒಂದು ಗುರುತು ಇದೆ. ನಮ್ಮ ರಾಜ್ಯದ್ದು ಕೆ, ಎ ಅಂತ ಶುರುವಾಗುತ್ತೆ. ಅದೊಂದು ಸಿಕ್ಕರೆ ಗೋಡೆ ಮೇಲೆ ಬರೆದಿಡಿ. ಹೆಸರು ಹಾಕಿಯೂ ಹುಡುಕಬಹುದು, ಆದರೆ ಅದು ಮೋಸ. ಕೋರ್ಟಿನವರು ಇಂಗ್ಲಿಷಿನಲ್ಲಿ ನಮ್ಮ ಹೆಸರು ಬರೆಯೋ ಚಂದ ನೋಡಬೇಕು. ಒಬ್ಬ ಮುನಿಯಪ್ಪನನ್ನೇ ನಾಲ್ಕು ಥರ ಬರೀತಾರೆ. ಆರೋಪಿಯ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ವರ್ಷವನ್ನು ಒಂದೊಂದೇ ಬದಲಾಯಿಸಿ ನೋಡಿ. ದೂರು ಕೊಟ್ಟವರ ಹೆಸರಿನಲ್ಲಿ ಹುಡುಕಬೇಡಿ. ಕ್ರಿಮಿನಲ್ ಕೇಸಿನಲ್ಲಿ ವಾದಿ ಅಂದ್ರೆ ಸರ್ಕಾರ, ಪೊಲೀಸು. ಏಟು ತಿಂದವನ ಹೆಸರು ಸಾಕ್ಷಿ ಪಟ್ಟಿಗೆ ಹೋಗಿರುತ್ತೆ. ನೋಡಿ, ಕಾಗದದಲ್ಲೂ ನಾವು ಊರಾಚೆ.

ಎಫ್‌ಐಆರ್ ಹೊಸದಾದರೆ ಇನ್ನೂ ಸುಲಭ. 2016ರಲ್ಲಿ ಸುಪ್ರೀಂ ಕೋರ್ಟು ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಹಾಕಬೇಕು ಅಂತ ಹೇಳಿತು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳನ್ನು ಬಿಟ್ಟು. ಅದನ್ನು ನೋಡೋದಕ್ಕಿಂತ ಮುಂಚೆ ನಿಮ್ಮ ಹಕ್ಕು ಕೇಳಿ: ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಅಲ್ಲೇ, ಬಿಟ್ಟಿ ಕೊಡಬೇಕು. ಇದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೆ. ಕಲಮಿನ ನಂಬರು ಬದಲಾಗಿರೋದನ್ನು ನೆನಪಿಡಿ. ಆ ದಿನಕ್ಕಿಂತ ಹಿಂದಿನ ಕೊಲೆ ಕೇಸಿನಲ್ಲಿ 302 ಅಂತ ಇರುತ್ತೆ, ಆಮೇಲಿನದರಲ್ಲಿ 103 ಅಂತ. ಹೊಸ ಕಾನೂನಿನಲ್ಲಿ 302 ಅಂದ್ರೆ ಧಾರ್ಮಿಕ ಭಾವನೆ ನೋಯಿಸುವ ಮಾತು ಆಡೋದು. ಹಳೇ ನಂಬರು ಬಾಯಲ್ಲಿಟ್ಟುಕೊಂಡು ಹುಡುಕಿದರೆ ದಾರಿ ತಪ್ಪೀತು.

ಈಗ ಹಳೇ ಕೇಸು. 2009ರದ್ದು ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಕಾಗದದ ಬೆನ್ನು ಹತ್ತಬೇಕಾಯ್ತು. ಅಲ್ಲಿಗೆ ಹೋಗೋ ಮುಂಚೆ ನಿಮ್ಮನ್ನು ಒಂದು ದೂರದ ಊರಿಗೆ ಕರೆದುಕೊಂಡು ಹೋಗ್ತೀನಿ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಹೆಸರು ನೋಡಿ ದಲಿತ ಪ್ಯಾಂಥರ್ ಕಟ್ಟಿದರು ಅಂತ ನಿಮಗೆ ಗೊತ್ತಿದೆ. ಹೆಸರು ತಂದುಕೊಂಡೆವು. ಅವರ ಹುಡುಕಾಟವನ್ನೂ ತಂದುಕೊಳ್ಳಬೇಕು.

ಅಮೆರಿಕದ ದಕ್ಷಿಣಕ್ಕೆ ಮಿಸಿಸಿಪಿ ಅಂತ ರಾಜ್ಯ. ಹತ್ತಿ ಬೆಳೆಯುವ ಸೀಮೆ. ಅಲ್ಲಿ ಕೌಂಟಿ ಅಂತ ಇರುತ್ತೆ, ನಮ್ಮ ತಾಲ್ಲೂಕಿನ ಥರ ಅಂದುಕೊಳ್ಳಿ, ಆದರೆ ಅದಕ್ಕೆ ಅದರದೇ ಶೆರಿಫ್, ಅದರದೇ ಕೋರ್ಟು ಕಟ್ಟಡ. ದೊಡ್ಡ ಅಪರಾಧಕ್ಕೆ ಅವರು ಫೆಲನಿ ಅಂತಾರೆ. ಅದರ ವಿಚಾರಣೆ ಸರ್ಕ್ಯೂಟ್ ಕೋರ್ಟಿನಲ್ಲಿ, ಕಾಗದ ಸರ್ಕ್ಯೂಟ್ ಕ್ಲರ್ಕ್ ವಶದಲ್ಲಿ. 1955ರ ಆಗಸ್ಟ್ 28ರ ಬೆಳಗಿನ ಜಾವ, ಲೆಫ್ಲೋರ್ ಕೌಂಟಿಯ ಮನಿ ಅನ್ನೋ ಹಳ್ಳಿಯ ಹತ್ತಿರ, ಎಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನನ್ನು ಮನೆಯಿಂದ ಎಳೆದುಕೊಂಡು ಹೋದರು. ಬಿಳಿಯ ಹೆಂಗಸಿಗೆ ಅಗೌರವ ತೋರಿಸಿದ ಅಂತ ಆರೋಪ. ಮೂರು ದಿನದ ಮೇಲೆ ಹೆಣ ಟಲ್ಲಹಾಚಿ ನದಿಯಲ್ಲಿ ಸಿಕ್ಕಿತು. ಕೊಲೆಯ ವಿಚಾರಣೆ ಪಕ್ಕದ ಟಲ್ಲಹಾಚಿ ಕೌಂಟಿಯ ಸಮ್ನರ್ ಊರಿನಲ್ಲಿ ನಡೆಯಿತು. ಎಲ್ಲ ಬಿಳಿಯ ಗಂಡಸರೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಇಬ್ಬರು ಆರೋಪಿಗಳನ್ನೂ ಬಿಟ್ಟಿತು. ಮುಂದಿನ ಜನವರಿಯಲ್ಲಿ ಅದೇ ಇಬ್ಬರು ಒಂದು ಪತ್ರಿಕೆಯಿಂದ ದುಡ್ಡು ತಗೊಂಡು, ಕೊಂದವರು ನಾವೇ ಅಂತ ಹೇಳಿಕೊಂಡರು.

ನಮಗೆ ಬೇಕಾದ ವಿಷಯ ಇನ್ನು ಮುಂದಿದೆ. ಆ ವಿಚಾರಣೆಯ ಸಾಕ್ಷಿ ಹೇಳಿಕೆಗಳ ದಾಖಲೆ ಎಷ್ಟೋ ದಶಕ ಕಾಣೆಯಾಗಿತ್ತು. 2004ರಲ್ಲಿ ಅಲ್ಲಿನ ಕೇಂದ್ರ ಪೊಲೀಸು ತನಿಖೆಯನ್ನು ಮತ್ತೆ ತೆರೆದ ಮೇಲೆ, ಮೂಲ ಅಲ್ಲ, ನಕಲಿನ ನಕಲು ಸಿಕ್ಕಿತು. ಇನ್ನೊಂದು ಕಾಗದವೂ ಇತ್ತು. ಹುಡುಗನನ್ನು ಹೊತ್ತೊಯ್ದ ಅಪಹರಣದ ಆರೋಪದಲ್ಲಿ ಆರೋಪಿಯೊಬ್ಬನ ಹೆಂಡತಿಯನ್ನೂ ಹಿಡಿಯಲು 1955ರ ಆಗಸ್ಟ್ 29ರಂದು ಹೊರಡಿಸಿದ ವಾರಂಟು. ಎರಡು ಚಿಕ್ಕ ಮಕ್ಕಳ ತಾಯಿಗೆ ತೊಂದರೆ ಕೊಡೋದು ಬೇಡ ಅಂತ ಶೆರಿಫ್ ಅದನ್ನು ಜಾರಿ ಮಾಡಲೇ ಇಲ್ಲ. (ಹುಡುಗನ ತಾಯಿಯ ತೊಂದರೆ ಲೆಕ್ಕಕ್ಕೆ ಬರಲಿಲ್ಲ.) 2022ರ ಜೂನಿನಲ್ಲಿ ಟಿಲ್‌ನ ಬಂಧುಗಳೂ ಸೇರಿದ್ದ ಒಂದು ತಂಡ ಗ್ರೀನ್‌ವುಡ್ ಊರಿನ ಲೆಫ್ಲೋರ್ ಕೌಂಟಿ ಕೋರ್ಟಿನ ನೆಲಮಾಳಿಗೆಗೆ ಇಳಿಯಿತು. ಅಲ್ಲಿ ಕಾಗದಗಳನ್ನು ದಶಕಕ್ಕೆ ಇಷ್ಟು ಅಂತ ಪೆಟ್ಟಿಗೆಗಳಲ್ಲಿ ತುಂಬಿದ್ದರು, ಬೇರೆ ಯಾವ ಗುರುತೂ ಇಲ್ಲ. ಪೆಟ್ಟಿಗೆ ಪೆಟ್ಟಿಗೆ ಬಿಚ್ಚಿ ನೋಡಿದರು. 67 ವರ್ಷದ ಮೇಲೆ ವಾರಂಟು ಸಿಕ್ಕಿತು. ಕ್ಲರ್ಕ್ ಅದು ಅಸಲಿ ಅಂತ ದೃಢಪಡಿಸಿದ. ಅದೇ ಆಗಸ್ಟಿನಲ್ಲಿ ಅಲ್ಲಿನ ಗ್ರ್ಯಾಂಡ್ ಜ್ಯೂರಿ ಆ ಹೆಂಗಸಿನ ಮೇಲೆ ಆರೋಪ ಹೊರಿಸಲು ಒಪ್ಪಲಿಲ್ಲ. ಮರುವರ್ಷ ಆಕೆ ತೀರಿಕೊಂಡಳು. ಹಾಗಾದರೆ ಹುಡುಕಿ ಏನು ಬಂತು ಅಂತ ನೀವು ಕೇಳಬಹುದು. ಆ ಕಾಗದ ಇಲ್ಲ ಅಂತ ಇನ್ನು ಯಾರೂ ಹೇಳೋಹಾಗಿಲ್ಲ. ನಾನು ಅಷ್ಟಕ್ಕೇ ತೃಪ್ತಿಪಡುವವನಲ್ಲ, ಆದರೆ ಅದು ಕಡಿಮೆಯೂ ಅಲ್ಲ.

ಇದರಲ್ಲಿ ಕೆಲಸಕ್ಕೆ ಬರುವ ಒಂದು ಸೂಕ್ಷ್ಮ ಇದೆ. ಒಬ್ಬ ಹುಡುಗನ ಸಾವಿನ ಕಾಗದ ಎರಡು ಕೌಂಟಿಯಲ್ಲಿ ಬಿದ್ದಿತ್ತು. ಅಪಹರಣದ್ದು ಒಂದು ಕಡೆ, ಕೊಲೆಯದ್ದು ಇನ್ನೊಂದು ಕಡೆ. ಸಾಲದ್ದಕ್ಕೆ ಟಲ್ಲಹಾಚಿ ಕೌಂಟಿಗೆ ಚಾರ್ಲ್ಸ್‌ಟನ್, ಸಮ್ನರ್ ಅಂತ ಎರಡು ಊರಿನಲ್ಲಿ ಎರಡು ಕೋರ್ಟು ಕಟ್ಟಡ. ಒಂದರಲ್ಲಿ ಕೇಳಿ 'ಇಲ್ಲ' ಅಂದರು ಅಂತ ವಾಪಸ್ ಬಂದವನಿಗೆ ಸಿಗೋದು ಇನ್ನೊಂದರಲ್ಲಿ. ನಮ್ಮಲ್ಲೂ ಹಾಗೇ. ಕಂಬಾಲಪಲ್ಲಿ ನೆನಪು ಮಾಡಿಕೊಳ್ಳಿ. 2000ದ ಮಾರ್ಚಿಯಲ್ಲಿ ಏಳು ಜನ ನಮ್ಮವರನ್ನು ಸುಟ್ಟರು. ಆವತ್ತು ಚಿಂತಾಮಣಿ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿತ್ತು. 2007ರಲ್ಲಿ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಆಯ್ತು. ಕೊಪ್ಪಳ 1997ಕ್ಕೆ ಮುಂಚೆ ರಾಯಚೂರಿನಲ್ಲಿತ್ತು, ಚಾಮರಾಜನಗರ ಮೈಸೂರಿನಲ್ಲಿತ್ತು. ಆದ್ದರಿಂದ ಹಳೇ ಕೇಸು ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ: ಘಟನೆ ನಡೆದ ದಿನ ಈ ಊರು ಯಾವ ಠಾಣೆಗೆ, ಯಾವ ಕೋರ್ಟಿಗೆ, ಯಾವ ಜಿಲ್ಲೆಗೆ ಸೇರಿತ್ತು?

ಕಂಬಾಲಪಲ್ಲಿ ಕೇಸಿನಲ್ಲಿ ಸಾಕ್ಷಿಗಳು ಹೇಳಿಕೆ ಬದಲಾಯಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ ಆದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಬಹುಪಾಲು ಜನಕ್ಕೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು ಅನ್ನೋದನ್ನೂ ಹೇಳಬೇಕು. ಈ ಎರಡೂ ತೀರ್ಪುಗಳನ್ನು ಕಾರ್ಯಕರ್ತರು ಜೊತೆಗಿಟ್ಟು ಓದಬೇಕು. ಕಥೆ ಕೇಳಿದರೆ ಸಾಲದು.

ದೊಡ್ಡಮ್ಮನ ಕೇಸಿಗೆ ಬರ್ತೀನಿ. ಠಾಣೆಯಲ್ಲಿ ರೈಟರು ಹಳೇ ಪುಸ್ತಕ ತೆಗೆದು ಕ್ರೈಂ ನಂಬರು ತೋರಿಸಿದ. ಎದುರಿಗೆ ಎರಡಕ್ಷರ ಬರೆದಿತ್ತು: 'ಬಿ' ರಿಪೋರ್ಟು. ಅಂದ್ರೆ ದೂರು ಸುಳ್ಳು, ಕೇಸು ಮುಚ್ಚಬಹುದು ಅಂತ ಪೊಲೀಸರು ಕೋರ್ಟಿಗೆ ಬರೆದುಕೊಟ್ಟದ್ದು. 2011ರಲ್ಲಿ ಕೋರ್ಟು ಒಪ್ಪಿ ಮುಚ್ಚಿತ್ತು. ಎಂಟು ವರ್ಷ ನಾನು 'ನಡೀತಾ ಇದೆ ದೊಡ್ಡವ್ವ' ಅಂದಿದ್ದು ಸತ್ತ ಕೇಸಿನ ಬಗ್ಗೆ.

ಕಾನೂನು ಏನು ಹೇಳುತ್ತೆ ಗೊತ್ತಾ? ಕೇಸು ಮುಚ್ಚೋ ಮುಂಚೆ ದೂರು ಕೊಟ್ಟವರಿಗೆ ನೋಟೀಸು ಕೊಟ್ಟು ಅವರ ಮಾತು ಕೇಳಬೇಕು. ಇದನ್ನು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಹಾಗಾದರೆ ನೋಟೀಸು ಎಲ್ಲಿ? ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ ಹಾಕಿದೆವು. ಇಲ್ಲಿ ಮತ್ತೆ ಬರೆದುಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿ ಬೇಡ. ಕೋರ್ಟಿನ ಕಡತದ ನಕಲು ಕೋರ್ಟಿನದೇ ನಿಯಮದ ಪ್ರಕಾರ ಪಡೀಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನ ಮಾಡಿದೆ. ನಕಲು ಅರ್ಜಿ ದೂರುದಾರರ ಹೆಸರಿನಲ್ಲೇ ಇರಲಿ. ಕೇಸಿಗೆ ಸಂಬಂಧವಿಲ್ಲದವರು ಕೇಳಿದರೆ ಏಕೆ ಬೇಕು ಅಂತ ಪ್ರಮಾಣಪತ್ರ ಕೊಟ್ಟು ನ್ಯಾಯಾಧೀಶರ ಅಪ್ಪಣೆ ಪಡೀಬೇಕಾಗುತ್ತೆ. ಸಂಘದ ಲೆಟರ್‌ಹೆಡ್ ಅಲ್ಲಿ ನಡೆಯೋಲ್ಲ, ಅದನ್ನು ನೋಡಿ ಹೆದರುವ ಕಾಲ ಹೋಯ್ತು. ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆ ಪ್ರಕಾರ ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು. ಅರ್ಜಿ ಕೊಟ್ಟ ಮೇಲೆ ನಂಬರು, ತಾರೀಖು ಇರೋ ರಸೀದಿ ಇಲ್ಲದೆ ಕಟ್ಟೆ ಇಳೀಬೇಡಿ. 'ಕಡತ ಸಿಗ್ತಿಲ್ಲ' ಅಂದರೆ ಅದನ್ನೇ ಹಿಂಬರಹದಲ್ಲಿ ಬರೆದುಕೊಡಿ ಅನ್ನಿ. ಬಾಯಲ್ಲಿ ಕಳೆದುಹೋದ ಕಡತ, ಬರೆದುಕೊಡಿ ಅಂದ ತಕ್ಷಣ ಸಿಕ್ಕಿದ್ದನ್ನು ನಾನು ಎರಡು ಸಲ ಕಂಡಿದ್ದೀನಿ. ಆದರೂ ಹೇಳಿರ್ತೀನಿ, ನಿಗದಿ ವರ್ಷ ಕಳೆದ ಮೇಲೆ ಹಳೇ ಕಾಗದಗಳನ್ನು ನಾಶ ಮಾಡುವ ನಿಯಮ ನಿಜವಾಗಿಯೂ ಇದೆ. ತಡ ಮಾಡಿದಷ್ಟೂ ನಮಗೇ ನಷ್ಟ.

ಏನು ಕೇಳಬೇಕು? ನಮ್ಮವರು ತೀರ್ಪೊಂದನ್ನೇ ಕೇಳ್ತಾರೆ. ಅದು ತಪ್ಪು. ಮೊದಲು ಆರ್ಡರ್ ಶೀಟು ಕೇಳಿ. ಯಾವ ದಿನ ಯಾರು ಬಂದರು, ಯಾರು ಬರಲಿಲ್ಲ, ಏಕೆ ಮುಂದೂಡಿದರು, ಎಲ್ಲ ದಿನವಹಿ ಅದರಲ್ಲಿರುತ್ತೆ. ಆಮೇಲೆ ಮೂಲ ದೂರು, ನೋಟೀಸು ಜಾರಿಯಾದ ಪ್ರತಿ, ಗಾಯದ ಸರ್ಟಿಫಿಕೇಟು, ಮಹಜರು, ಸಾಕ್ಷಿಗಳ ಹೇಳಿಕೆ. ಕಟ್ಟು ಪೂರ್ತಿ ಕೇಳಿ.

ನಾವು ಪೂರ್ತಿ ಕೇಳಿದ್ದರಿಂದಲೇ ಉಳಿದೆವು. ನಕಲು ಬಂದ ದಿನ ಕೋರ್ಟಿನ ಹೊಂಗೆ ಮರದ ಕೆಳಗೆ ಕೂತು ಒಂದೊಂದೇ ಹಾಳೆ ದೊಡ್ಡಮ್ಮನಿಗೆ ಓದಿ ಹೇಳಿದೆ. ದೂರಿನ ಕೊನೆಯಲ್ಲಿ ಅವರ ರುಜು, ಸೊಟ್ಟಸೊಟ್ಟಾಗಿ. ರಾತ್ರಿ ಶಾಲೆಯಲ್ಲಿ ಲಾಟೀನು ಹಿಡಿದು ಕಲಿತದ್ದು. ಆಮೇಲೆ ನೋಟೀಸಿನ ಪ್ರತಿ ಬಂತು. 'ದೂರುದಾರರಿಗೆ ಜಾರಿ ಮಾಡಲಾಗಿದೆ' ಅಂತ ಬರೆದು ಕೆಳಗೆ ಎಡಗೈ ಹೆಬ್ಬೆಟ್ಟು. ಆರ್ಡರ್ ಶೀಟಿನಲ್ಲಿ 'ನೋಟೀಸು ಜಾರಿಯಾಗಿದೆ, ದೂರುದಾರರು ಗೈರು, ತಕರಾರಿಲ್ಲ.' ದೊಡ್ಡಮ್ಮ ಹಾಳೆ ಕೈಗೆ ತಗೊಂಡು ನೋಡಿದರು. 'ನಾನು ಒತ್ತಿಲ್ಲ ಕಣ್ಮಗಾ. ರುಜು ಕಲಿತ ಮೇಲೆ ನಾನು ಎಲ್ಲೂ ಹೆಬ್ಬೆಟ್ಟು ಒತ್ತಿಲ್ಲ' ಅಂದರು. ಕೇಸು ಮುಚ್ಚಿದ್ದಕ್ಕಿಂತ ಆ ಹೆಬ್ಬೆಟ್ಟೇ ಅವರಿಗೆ ಹೆಚ್ಚು ನೋವು ಮಾಡಿತು.

ಒಂದೇ ಕಟ್ಟಿನಲ್ಲಿ ರುಜುವೂ ಇತ್ತು, ಹೆಬ್ಬೆಟ್ಟೂ ಇತ್ತು. ಯಾರೂ ಬಿಚ್ಚಿ ನೋಡೋಲ್ಲ ಅಂತ ಅವರಿಗೆ ಅಷ್ಟು ಧೈರ್ಯ. ಆ ಎರಡು ಹಾಳೆ ಹಿಡಿದು, ತಡವಾದದ್ದಕ್ಕೆ ಮನ್ನಿಸಿ ಅಂತ ಕೇಳಿಕೊಂಡು ಮೇಲಿನ ಕೋರ್ಟಿಗೆ ಅರ್ಜಿ ಹಾಕಿಸಿದೆವು. ಮುಚ್ಚಿದ ಆದೇಶ ರದ್ದಾಯ್ತು, ದೂರುದಾರರ ಮಾತು ಕೇಳಿ ಅಂತ ಕೇಸು ಕೆಳಗೆ ವಾಪಸ್ ಬಂತು. ದೊಡ್ಡಮ್ಮ ಹೇಳಿಕೆ ಕೊಟ್ಟಿದ್ದಾರೆ. ಕೈ ಮುರಿದ ಮಗ ಈಗ ಬೆಂಗಳೂರಿನಲ್ಲಿ ವಾಚ್‌ಮನ್, ತಾರೀಖಿಗೆ ರಜ ಸಿಗದೆ ಎರಡು ವಾಯಿದೆ ಹೋಯ್ತು. ಆರೋಪಿಗಳಲ್ಲಿ ಒಬ್ಬ ತೀರಿಕೊಂಡಿದ್ದಾನೆ. ಏನಾಗುತ್ತೋ ನಾನು ಹೇಳಲಾರೆ.

ನಡೆಯುತ್ತಿರೋ ಕೇಸಿನವರಿಗೆ ಒಂದು ಮಾತು. ದೌರ್ಜನ್ಯ ತಡೆ ಕಾಯಿದೆಯಲ್ಲಿ 15ಎ ಅಂತ ಕಲಮು ಸೇರಿದೆ. ಆರೋಪಿ ಜಾಮೀನು ಕೇಳಿದರೂ ನೊಂದವರಿಗೆ ಮುಂಚೆ ತಿಳಿಸಬೇಕು, ನೊಂದವರ ಮಾತೂ ಕೇಳಬೇಕು. ತಿಳಿಸದೆ ಜಾಮೀನು ಆಗಿದೆಯೋ ಅಂತ ಆರ್ಡರ್ ಶೀಟಿನಲ್ಲಿ ನೋಡಿ. ಬಿಡುಗಡೆ ತೀರ್ಪು ಬಂದರೆ ಈ ಕಾಯಿದೆಯಡಿ ಹೈಕೋರ್ಟಿಗೆ ಹೋಗಲು 90 ದಿನ. ತೀರ್ಪು ಬಂದದ್ದೇ ಗೊತ್ತಿಲ್ಲದವರಿಗೆ ಈ 90 ದಿನ ಇದ್ದೇನು, ಬಿಟ್ಟೇನು? ದೋಷಾರೋಪಣ ಪಟ್ಟಿಯನ್ನು ಎಲ್ಲರೂ ನೋಡೋ ಹಾಗೆ ಜಾಲತಾಣಕ್ಕೆ ಹಾಕಬೇಕಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿರೋದರಿಂದ, ಅದಕ್ಕೂ ಕೋರ್ಟಿನ ಕಟ್ಟೆಯೇ ಗತಿ.

ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದರು ಅಂತ ನಾವು ಹೇಳ್ತೀವಿ. ಅದೇ ಕೆರೆಯ ದಾವೆಯನ್ನು 1937ರವರೆಗೆ, ಬೊಂಬಾಯಿ ಹೈಕೋರ್ಟಿನಲ್ಲಿ ಗೆಲ್ಲೋತನಕ, ಕಾಗದದ ಮೇಲೆ ನಡೆಸಿದ್ದನ್ನು ಹೇಳೋದು ಕಡಿಮೆ.

ಊಟಕ್ಕೆ ಕರೀತಿದ್ದಾರೆ. ಊಟ ಆದ ಮೇಲೆ ಊರೂರಿನವರು ಬೇರೆ ಬೇರೆ ಕೂತು ನಿಮ್ಮ ಊರಿನ ಕೇಸುಗಳನ್ನು ಒಂದು ಹಾಳೆಯಲ್ಲಿ ಬರೀರಿ: ಘಟನೆಯ ತಾರೀಖು, ಠಾಣೆ, ಕ್ರೈಂ ನಂಬರು, ಆರೋಪಿಗಳ ಹೆಸರು. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹೆ ಬರೀಬೇಡಿ. ಸೋಮವಾರ ಹತ್ತೂವರೆಗೆ ನಾನು ಕೋರ್ಟಿನ ಹತ್ತಿರ ಇರ್ತೀನಿ. ಮೊದಲು ನಾಲ್ಕು ಊರಿನವರು ಬನ್ನಿ, ದೂರು ಕೊಟ್ಟವರನ್ನು ಕರೆದುಕೊಂಡೇ ಬನ್ನಿ.